ಎರಡು ಪಟ್ಟಿ ಎತ್ತಿಟ್ಟ ಮೇಷ್ಟ್ರು

ಚಿಕ್ಕದೊಂದು ಮರದ ಪೆಟ್ಟಿಗೆ. ಅದರ ಮೇಲೆ ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಜೋಡಿಸಿದ ಪಟ್ಟಿಗಳು. ಕೋಲಿನಿಂದ ತಟ್ಟಿದರೆ ಒಂದೊಂದು ಪಟ್ಟಿಗೂ ಒಂದೊಂದು ಸ್ವರ. ಇದು ಝೈಲೋಫೋನ್, ನಮ್ಮ ಕಾಷ್ಠತರಂಗದ ಬಳಗದ ವಾದ್ಯ. ಪಾಠ ಶುರುವಾಗುವ ಮುಂಚೆ ಮೇಷ್ಟ್ರು ಬಂದು ಅದರಿಂದ ‘ಮ’ ಮತ್ತು ‘ನಿ’ ಸ್ವರದ ಪಟ್ಟಿಗಳನ್ನು ಎತ್ತಿ ಪಕ್ಕಕ್ಕಿಡುತ್ತಾರೆ. ಮೊಳೆ ಬಿಚ್ಚುವ ತಾಪತ್ರಯವಿಲ್ಲ, ಕೈಯಲ್ಲೇ ಎತ್ತಿದರೆ ಬರುತ್ತವೆ. ಉಳಿದದ್ದು ಸ ರಿ ಗ ಪ ದ. ಸಂಗೀತ ಕೇಳಿದವರಿಗೆ ಗುರುತು ಹತ್ತಿರಬೇಕು: ಮೋಹನ ರಾಗದ ಸ್ವರಗಳು.

ಈಗ ಇಪ್ಪತ್ತು ಮಕ್ಕಳು ಒಟ್ಟಿಗೆ ಮನಸ್ಸಿಗೆ ಬಂದದ್ದನ್ನು ಬಾರಿಸಿದರೂ ಕಿವಿ ಮುಚ್ಚಿಕೊಳ್ಳಬೇಕಾಗುವುದಿಲ್ಲ. ಮೈಗೆ ಮೈ ತಾಗಿಸಿಕೊಂಡು ಕಚ್ಚಾಡುವ ಜೋಡಿಗಳೆಂದರೆ ಗ–ಮ ಮತ್ತು ನಿ–ಸ. ಮ, ನಿ ಎರಡೂ ಎದ್ದು ಹೋದರೆ ಜಗಳಕ್ಕೆ ಜೋಡಿಯೇ ಇಲ್ಲ. ಯಾವ ಪಟ್ಟಿ ತಟ್ಟಿದರೂ ತಪ್ಪಾಗದು ಎಂದು ಗೊತ್ತಾದ ಮಗು ಹೆದರದೆ ಹಾಡು ಕಟ್ಟಲು ಕೂರುತ್ತದೆ.

ಈ ಸಣ್ಣ ಉಪಾಯದ ಮೇಲೆ ಶಾಲೆಯ ಸಂಗೀತ ಪಾಠವನ್ನೇ ಕಟ್ಟಿದವರು ಜರ್ಮನಿಯ ಸಂಗೀತಗಾರ ಕಾರ್ಲ್ ಓರ್ಫ್ (1895–1982). ‘ಕಾರ್ಮಿನಾ ಬುರಾನಾ’ ಎಂಬ ಅಬ್ಬರದ ಸಮೂಹಗಾನದಿಂದ ಜಗತ್ತಿಗೆ ಪರಿಚಿತರಾದವರು. ಅದಕ್ಕೂ ಮೊದಲೇ, 1924ರಲ್ಲಿ, ಡೊರೊಥೇ ಗ್ಯುಂಟರ್ ಅವರ ಜೊತೆ ಮ್ಯೂನಿಕ್‌ನಲ್ಲಿ ಒಂದು ಶಾಲೆ ತೆರೆದಿದ್ದರು. ಅಲ್ಲಿ ನೃತ್ಯ ಕಲಿಯಲು ಬಂದವರು ತಮ್ಮ ಕುಣಿತಕ್ಕೆ ಬೇಕಾದ ಸಂಗೀತವನ್ನು ತಾವೇ ಕಟ್ಟಿಕೊಳ್ಳಬೇಕು. ಅದಕ್ಕೆಂದು ವಾದ್ಯ ತಯಾರಕ ಕಾರ್ಲ್ ಮೆಂಡ್ಲರ್ ಸುಲಭವಾಗಿ ನುಡಿಸಬಲ್ಲ ಝೈಲೋಫೋನ್‌ಗಳನ್ನು ಮಾಡಿಕೊಟ್ಟರು. ವಿದ್ಯಾರ್ಥಿನಿಯಾಗಿ ಬಂದ ಗುನಿಲ್ಡ್ ಕೇಟ್‌ಮನ್ ಅಲ್ಲೇ ಶಿಕ್ಷಕಿಯಾದರು. ಓರ್ಫ್ ಹೆಸರಿನಲ್ಲಿ ನಡೆಯುವ ಈ ಪದ್ಧತಿಯಲ್ಲಿ ಅವರ ಪಾಲು ದೊಡ್ಡದು.

ಯುದ್ಧದಲ್ಲಿ ಶಾಲೆಯೂ ಹೋಯಿತು, ವಾದ್ಯಗಳೂ ಹೋದವು. 1948ರಲ್ಲಿ ಬವೇರಿಯಾದ ಬಾನುಲಿಯವರು ಓರ್ಫ್ ಅವರ ಬಳಿ ಬಂದು, ಮಕ್ಕಳು ತಾವೇ ನುಡಿಸಬಹುದಾದ ಸಂಗೀತ ಬೇಕು ಎಂದರು. ಮರವೂ ಸುಲಭಕ್ಕೆ ಸಿಗದ ಕಾಲ ಅದು. ಕ್ಲೌಸ್ ಬೆಕರ್ ಎಂಬ ಯುವಕ ಸಿಕ್ಕಿದ್ದರಲ್ಲೇ ವಾದ್ಯ ಮಾಡಿಕೊಟ್ಟ. ಮರುವರ್ಷ ಆತ ತೆರೆದ ‘ಸ್ಟುಡಿಯೋ 49’ ಮುಂದೆ ಶಾಲಾ ವಾದ್ಯಗಳಿಗೆ ಹೆಸರಾಯಿತು. ರೇಡಿಯೋದಲ್ಲಿ ಕೇಳಿದ ಮಕ್ಕಳು ತಾವೂ ನುಡಿಸಲು ಹಾತೊರೆದರು. 1950ರಿಂದ 1954ರ ನಡುವೆ ಓರ್ಫ್ ಮತ್ತು ಕೇಟ್‌ಮನ್ ‘ಮಕ್ಕಳಿಗಾಗಿ ಸಂಗೀತ’ ಎಂಬ ಐದು ಸಂಪುಟಗಳನ್ನು ತಂದರು. 1961ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಶಿಕ್ಷಕರ ತರಬೇತಿಗೆ ಓರ್ಫ್ ಸಂಸ್ಥೆ ಶುರುವಾಯಿತು.

ಓರ್ಫ್ ಬದುಕಿನಲ್ಲಿ ಕಪ್ಪು ಚುಕ್ಕೆ ಇಲ್ಲದೆ ಇಲ್ಲ. ಯಹೂದಿ ಮೂಲದ ಮೆಂಡೆಲ್ಸನ್ ಸಂಗೀತವನ್ನು ನಾಜಿಗಳು ದೂರವಿಟ್ಟಾಗ, ಷೇಕ್ಸ್‌ಪಿಯರ್‌ನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕಕ್ಕೆ ಬದಲಿ ಸಂಗೀತ ಬರೆದುಕೊಟ್ಟವರಲ್ಲಿ ಇವರೂ ಒಬ್ಬರು. ಪಾಠದ ಗುಣವನ್ನು ಮೆಚ್ಚುವಾಗ ಈ ಮಾತನ್ನು ಮರೆಮಾಚಬಾರದು.

ಇನ್ನು ಪಾಠ. ಇಲ್ಲಿ ಸರಳೆ ವರಸೆಯೂ ಇಲ್ಲ, ಸ್ವರಲಿಪಿಯ ಓದೂ ಮೊದಲಿಗಿಲ್ಲ. ಶುರುವಾಗುವುದು ಮಾತಿನಿಂದ: ಮಕ್ಕಳ ಹೆಸರು, ಎಣಿಕೆಯ ಪದ, ಆಟದ ಕೂಗು. ಮಾತು ಚಪ್ಪಾಳೆಯಾಗುತ್ತದೆ, ಚಪ್ಪಾಳೆ ತೊಡೆ ತಟ್ಟುವುದಕ್ಕೆ, ಹೆಜ್ಜೆ ಹಾಕುವುದಕ್ಕೆ ಇಳಿಯುತ್ತದೆ, ಕೊನೆಗೆ ಪಟ್ಟಿಗಳ ಮೇಲೆ ಬರುತ್ತದೆ. ಮೊದಲ ರಾಗಕ್ಕೆ ಎರಡೇ ಸ್ವರ ಸಾಕು, ಪ ಮತ್ತು ಗ. ಅಂಗಳದಿಂದ ಮಗು ಯಾರನ್ನೋ ಕೂಗುವಾಗ ದನಿ ಜಾರುವುದೂ ಸರಿಸುಮಾರು ಇದೇ ಇಳಿಜಾರಿನಲ್ಲಿ. ಓರ್ಫ್ ಜರ್ಮನ್ ಮಕ್ಕಳ ಪದಗಳನ್ನು ಬಳಸಿದರು. ಬೇರೆ ನಾಡಿನವರು ಅವನ್ನೇ ಅನುವಾದಿಸಿ ಹಾಡದೆ ತಮ್ಮ ಮಕ್ಕಳ ನುಡಿಯಿಂದಲೇ ಹೊರಡಬೇಕು ಎಂಬುದು ಅವರ ನಿಲುವು.

ನಮ್ಮ ಮೂರನೇ ತರಗತಿಯೊಂದರಲ್ಲಿ ಹೀಗೆ ಮಾಡಿದರು ಎಂದುಕೊಳ್ಳಿ. ಬೆಳಿಗ್ಗೆ ಏನಾಯಿತು ಎಂದು ಮೇಷ್ಟ್ರು ಕೇಳುತ್ತಾರೆ. ಬಸ್ಸಿನಲ್ಲಿ ನಿಂತುಕೊಂಡೇ ಬಂದ ಮಗುವೊಂದು ಹೇಳುತ್ತದೆ: ‘ಬಸ್ಸು ಬಂತು, ಬಸ್ಸು ಬಂತು, ಸೀಟು ಮಾತ್ರ ಇಲ್ಲ.’ ಚಪ್ಪಾಳೆ ಹಾಕಿ ನೋಡಿದರೆ ಒಂದೊಂದು ಪದಕ್ಕೂ ಮೂರು ಮಾತ್ರೆ, ಒಟ್ಟು ಏಳು ಗಣ. ಎಂಟನೆಯದರ ಜಾಗ ಖಾಲಿ. ಹಿಂದಿನ ಬೆಂಚಿನಿಂದ ಯಾರೋ ‘ರೈಟ್!’ ಎಂದು ಕೂಗುತ್ತಾರೆ. ಜಾಗ ತುಂಬಿತು, ಹಾಡಿಗೆ ಪಲ್ಲವಿ ಸಿಕ್ಕಿತು.

ಈಗ ಒಬ್ಬಳು ದೊಡ್ಡ ಪಟ್ಟಿಗಳ ಮೇಲೆ ಸ–ಪ, ಸ–ಪ ಎಂದು ಬಿಡದೆ ತಟ್ಟುತ್ತಾಳೆ. ಅದು ತಂಬೂರಿಯ ಕೆಲಸ. ಇಬ್ಬರು ಎಂಜಿನ್ನಿನ ಗುರುಗುಟ್ಟುವಿಕೆಯಂತೆ ಪುಟ್ಟ ತುಣುಕೊಂದನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಎಲ್ಲರೂ ಪಲ್ಲವಿ ಹಾಡಿ ನಿಲ್ಲಿಸಿದ ಕೂಡಲೇ ಒಬ್ಬ ಹುಡುಗ ಐದು ಸ್ವರಗಳಲ್ಲಿ ತನಗೆ ತೋಚಿದ ಚರಣ ಹಾಡುತ್ತಾನೆ. ಮತ್ತೆ ಪಲ್ಲವಿ, ಆಮೇಲೆ ಇನ್ನೊಬ್ಬಳ ಚರಣ. ಪಾಶ್ಚಾತ್ಯರು ಇದನ್ನು ರೋಂಡೋ ಎನ್ನುತ್ತಾರೆ. ನಮಗೆ ಹೆಸರು ಬೇರೆಯಾದರೂ ನಡೆ ಹೊಸದಲ್ಲ: ಪಲ್ಲವಿ ಎಲ್ಲರದು, ಚರಣ ಒಬ್ಬೊಬ್ಬರದು. ದನಿ ಏಳದ ಮಗುವಿಗೂ ಇಲ್ಲಿ ಕೆಲಸವುಂಟು. ಆ ಒಂದು ‘ರೈಟ್!’ ಸರಿಯಾದ ಜಾಗಕ್ಕೆ ಬೀಳದಿದ್ದರೆ ಬಸ್ಸು ಹೊರಡುವುದೇ ಇಲ್ಲ.

ನಾನು ಓದಿದ ಶಾಲೆಯಲ್ಲಿ ವಾರ್ಷಿಕೋತ್ಸವದ ಪ್ರಾರ್ಥನೆಗೆ ನನ್ನನ್ನೂ ನಿಲ್ಲಿಸಿದ್ದರು. ‘ನೀನು ಸುಮ್ಮನೆ ಬಾಯಿ ಆಡಿಸು, ಸಾಕು’ ಎಂಬ ಅಪ್ಪಣೆಯಾಗಿತ್ತು. ಗದರಿದವರದೂ ತಪ್ಪೆನ್ನಲಾರೆ. ಹಾಡು ಮೊದಲೇ ಸಿದ್ಧವಾಗಿದ್ದಾಗ ಅದಕ್ಕೆ ಹೊಂದದ ದನಿ ಅಪಸ್ವರವೇ. ಹಾಡನ್ನೇ ಮಕ್ಕಳು ಕಟ್ಟಿದರೆ ಇರುವ ದನಿಗಳ ಅಳತೆಗೆ ಹಾಡು ಹೊಲಿಸಿಕೊಳ್ಳುತ್ತದೆ.

ಇದಕ್ಕೆ ಸಾಲ್ಜ್‌ಬರ್ಗ್‌ನಿಂದ ವಾದ್ಯ ತರಿಸಬೇಕೆಂದೇನಿಲ್ಲ. ಚಪ್ಪಾಳೆ, ಬೆಂಚು, ಒಂದು ಶ್ರುತಿಪೆಟ್ಟಿಗೆ ಇದ್ದರೆ ಆರಂಭಕ್ಕೆ ಧಾರಾಳ. ಹೇಳಿಕೊಡುವ ಆಸೆಯನ್ನು ಮೇಷ್ಟ್ರು ಅಷ್ಟು ಹೊತ್ತು ತಡೆದುಕೊಳ್ಳುವುದೇ ನಿಜವಾದ ಖರ್ಚು.

ಎತ್ತಿಟ್ಟ ಎರಡು ಪಟ್ಟಿಗಳು ಅಲ್ಲೇ ಪಕ್ಕದಲ್ಲಿ ಕಾಯುತ್ತಿರುತ್ತವೆ. ಓರ್ಫ್ ಸಂಪುಟಗಳಲ್ಲೂ ಐದು ಸ್ವರಗಳು ಮೊದಲು, ಏಳು ಸ್ವರಗಳು ಆಮೇಲೆ. ಮ, ನಿಗಳನ್ನು ವಾಪಸು ಜೋಡಿಸುವುದು ಯಾವಾಗ ಎಂಬುದಕ್ಕೆ ಕ್ಯಾಲೆಂಡರ್ ನೋಡಬೇಕಿಲ್ಲ. ತನ್ನ ಹಾಡಿನ ಒಂದು ಜಾಗದಲ್ಲಿ ತಡವರಿಸಿದ ಮಗು ಖಾಲಿ ಸಂದನ್ನು ತೋರಿಸಿ, ‘ಸಾರ್, ಇಲ್ಲಿಂದು ಕೊಡಿ’ ಎಂದು ಕೈ ಚಾಚಿದರೆ ಸಮಯವಾಯಿತೆಂದೇ ಲೆಕ್ಕ.