ಗ್ರೀಕ್ ಟ್ರ್ಯಾಜಿಡಿ ಮತ್ತು ‘ದುರಂತ’ದ ಪ್ರಶ್ನೆ

ಟ್ರ್ಯಾಜಿಡಿ ಎಂಬ ಗ್ರೀಕ್ ಪ್ರಕಾರಕ್ಕೆ ಕನ್ನಡದಲ್ಲಿ ಮುಖ್ಯವಾಗಿ ಎರಡು ಹೆಸರುಗಳು ರೂಢಿಗೊಂಡಿವೆ: ದುರಂತ ನಾಟಕ ಮತ್ತು ರುದ್ರನಾಟಕ. ಇವುಗಳಲ್ಲಿ ಮೊದಲನೆಯದು ತರಗತಿಯಲ್ಲಿಯೂ ವಿಮರ್ಶೆಯಲ್ಲಿಯೂ ಹೆಚ್ಚು ಗಟ್ಟಿಯಾಗಿ ನೆಲೆಯೂರಿದೆ. ಇದು ಬರಿಯ ಹೆಸರಲ್ಲ, ತನ್ನೊಳಗೇ ಒಂದು ಲಕ್ಷಣವನ್ನು ಅಡಗಿಸಿಕೊಂಡಿರುವ ಪದ. ಅಂತ್ಯ ಕೆಟ್ಟದಾಗಿದ್ದರೆ ಟ್ರ್ಯಾಜಿಡಿ, ಇಲ್ಲವಾದರೆ ಅಲ್ಲ ಎಂಬ ತೀರ್ಮಾನವನ್ನು ಅದು ಚರ್ಚೆಗೆ ಮೊದಲೇ ಕೊಟ್ಟುಬಿಡುತ್ತದೆ. ಸಂಸ್ಕೃತದಲ್ಲಿ ದುರಂತ ನಾಟಕವಿಲ್ಲ, ಭಾಸನದೆನ್ನಲಾದ ‘ಊರುಭಂಗ’ವೊಂದು ಅಪವಾದ ಎಂಬ ಮಾತಾಗಲಿ, ರನ್ನನ ದುರ್ಯೋಧನ ದುರಂತ ನಾಯಕನೇ ಅಲ್ಲವೇ ಎಂಬ ವಾದವಾಗಲಿ ಬಹುಮಟ್ಟಿಗೆ ಈ ಅಳತೆಗೋಲನ್ನೇ ನೆಚ್ಚಿಕೊಂಡಿವೆ. ಅದೇ ಅಳತೆಗೋಲನ್ನು ಗ್ರೀಕ್ ನಾಟಕಗಳ ಮೇಲೆಯೇ ಇಟ್ಟು ನೋಡಿದರೆ ಏನಾಗುತ್ತದೆ ಎಂಬುದು ಇಲ್ಲಿನ ವಿಚಾರ.

ಈಸ್ಕಿಲಸ್, ಸಾಫೊಕ್ಲೀಸ್, ಯೂರಿಪಿಡೀಸ್ ಎಂಬ ಮೂವರು ನಾಟಕಕಾರರ ಹೆಸರಿನಲ್ಲಿ ಇಂದು ಪೂರ್ಣವಾಗಿ ಉಳಿದು ಬಂದಿರುವ ನಾಟಕಗಳು 33. ಇವುಗಳಲ್ಲಿ ಯೂರಿಪಿಡೀಸನ ‘ಸೈಕ್ಲಾಪ್ಸ್’ ಸೇಟರ್ ನಾಟಕವೆಂಬ ಬೇರೆ ಪ್ರಕಾರಕ್ಕೆ ಸೇರಿದ್ದು. ಉಳಿದವನ್ನು ಅಥೆನ್ಸ್ ನಗರ ಟ್ರ್ಯಾಜಿಡಿಗಳೆಂದೇ ಕರೆಯಿತು. ಆದರೆ ಈಸ್ಕಿಲಸನ ‘ಒರೆಸ್ಟಿಯ’ ತ್ರಿವಳಿಯ ಕೊನೆಯ ನಾಟಕ ‘ಯೂಮೆನಿಡೀಸ್’ ಮುಗಿಯುವುದು ಶಾಪದ ದೇವತೆಗಳು ಹರಸುವ ದೇವತೆಗಳಾಗಿ, ಪಂಜಿನ ಮೆರವಣಿಗೆಯಲ್ಲಿ ತಮ್ಮ ಹೊಸ ನೆಲೆಗೆ ಹೊರಡುವಲ್ಲಿ. ತಾಯಿಯನ್ನು ಕೊಂದ ಒರೆಸ್ಟಿಸನು ನ್ಯಾಯಸಭೆಯ ಸಮಮತದಿಂದ ಬಿಡುಗಡೆ ಹೊಂದುತ್ತಾನೆ. ಸಾಫೊಕ್ಲೀಸನ ‘ಫಿಲಾಕ್ಟೀಟಿಸ್’ನಲ್ಲಿ (ಕ್ರಿ.ಪೂ. 409) ಮಾಯದ ಹುಣ್ಣಿನಿಂದ ನರಳುತ್ತ ನಿರ್ಜನ ದ್ವೀಪದಲ್ಲಿ ಬಿದ್ದಿದ್ದ ನಾಯಕನಿಗೆ ಗುಣವಾಗುವ ಭರವಸೆಯೂ ಕೀರ್ತಿಯ ದಾರಿಯೂ ದೊರೆಯುತ್ತವೆ. ಯೂರಿಪಿಡೀಸನ ‘ಟಾರಿಸ್‌ನಲ್ಲಿ ಇಫಿಜಿನಿಯ’ದಲ್ಲಿ ತಮ್ಮನನ್ನು ಬಲಿಗೆ ಸಿದ್ಧಗೊಳಿಸಬೇಕಾಗಿದ್ದ ಅಕ್ಕ ಅವನನ್ನು ಗುರುತಿಸುತ್ತಾಳೆ, ಇಬ್ಬರೂ ಪಾರಾಗುತ್ತಾರೆ. ‘ಅಯಾನ್’, ‘ಹೆಲೆನ್’ಗಳ ಕಥೆಯೂ ಮಂಗಳದಲ್ಲಿಯೇ ಮುಗಿಯುತ್ತದೆ. ಇವುಗಳನ್ನು ‘ದುರಂತ ನಾಟಕ’ ಎಂದು ಕರೆಯುವುದು ಪದದ ಅರ್ಥಕ್ಕೇ ವಿರುದ್ಧವಾಗುತ್ತದೆ. ಟ್ರ್ಯಾಜಿಡಿಗಳಲ್ಲವೆಂದು ತೆಗೆದುಹಾಕಿದರೆ ಆ ಪ್ರಕಾರವನ್ನು ಸೃಷ್ಟಿಸಿದ ಜನರಿಗಿಂತ ನಮಗೇ ಅದರ ಸ್ವರೂಪ ಚೆನ್ನಾಗಿ ಗೊತ್ತೆಂದು ಹೇಳಿದಂತಾಗುತ್ತದೆ.

ಅರಿಸ್ಟಾಟಲನನ್ನು ಇಲ್ಲಿ ಸಾಕ್ಷಿಗೆ ಕರೆಯುವುದು ವಾಡಿಕೆ. ಆದರೆ ‘ಕಾವ್ಯಮೀಮಾಂಸೆ’ಯ ಆರನೆಯ ಅಧ್ಯಾಯದ ಪ್ರಸಿದ್ಧ ವ್ಯಾಖ್ಯೆಯಲ್ಲಿ ಅಂತ್ಯದ ಪ್ರಸ್ತಾಪವೇ ಇಲ್ಲ. ಗಂಭೀರವೂ ಪೂರ್ಣವೂ ಆದ ಕ್ರಿಯೆಯ ಅನುಕರಣೆ, ಕರುಣೆ ಮತ್ತು ಭಯ, ಅವುಗಳ ಮೂಲಕ ಕೆಥಾರ್ಸಿಸ್ - ಇಷ್ಟೇ ಅಲ್ಲಿನ ಮುಖ್ಯ ಅಂಶಗಳು. ಏಳನೆಯ ಅಧ್ಯಾಯದಲ್ಲಿ ಕಥಾವಸ್ತುವಿನ ಅಳತೆಯನ್ನು ಹೇಳುವಾಗ, ಕೇಡಿನಿಂದ ಒಳಿತಿಗೆ ಅಥವಾ ಒಳಿತಿನಿಂದ ಕೇಡಿಗೆ ಹೊರಳುವಷ್ಟು ಉದ್ದವಿದ್ದರೆ ಸಾಕೆನ್ನುತ್ತಾನೆ. ಎರಡು ದಿಕ್ಕಿಗೂ ಅಲ್ಲಿ ಎಡೆಯಿದೆ. ಹದಿಮೂರನೆಯ ಅಧ್ಯಾಯದಲ್ಲಿ ಮಾತ್ರ ಒಳಿತಿನಿಂದ ಕೇಡಿಗೆ ಇಳಿಯುವ ಕಥೆಯೇ ಉತ್ತಮವೆಂದು ಹೇಳುತ್ತಾನೆ. ನಮ್ಮ ಕೈಪಿಡಿಗಳು ಇಲ್ಲಿಗೆ ನಿಂತುಬಿಡುತ್ತವೆ. ಮುಂದಿನ ಅಧ್ಯಾಯವನ್ನೇ ತೆರೆದರೆ ಬೇರೊಂದು ಮಾತು ಎದುರಾಗುತ್ತದೆ. ಅರಿಯದೆ ತನ್ನವರನ್ನೇ ಕೊಲ್ಲಹೊರಟವನು ಕೊನೆಯ ಗಳಿಗೆಯಲ್ಲಿ ಗುರುತು ಹಿಡಿದು ಕೈ ತಡೆಯುವುದೇ ಎಲ್ಲಕ್ಕಿಂತ ಶ್ರೇಷ್ಠವೆಂದು ಅಲ್ಲಿ ಹೇಳಿ, ಇಫಿಜಿನಿಯಳ ಪ್ರಸಂಗವನ್ನು ಅವನು ಉದಾಹರಿಸುತ್ತಾನೆ. ಈ ಎರಡು ಅಧ್ಯಾಯಗಳ ವಿರೋಧವನ್ನು ಹೊಂದಿಸಲು ವಿದ್ವಾಂಸರು ಬಹಳ ಶ್ರಮಿಸಿದ್ದಾರೆ. ಆ ವಿವಾದ ಹೇಗೇ ಬಗೆಹರಿಯಲಿ, ಕೆಟ್ಟ ಅಂತ್ಯವೇ ಟ್ರ್ಯಾಜಿಡಿಯ ಪ್ರಾಣವೆಂಬ ಮತವನ್ನು ಅರಿಸ್ಟಾಟಲನ ತಲೆಗೆ ಕಟ್ಟುವುದು ಕಷ್ಟ.

‘ದುರಂತ ದೋಷ’ ಎಂಬ ಮಾತಿನದೂ ಇದೇ ಅವಸ್ಥೆ. ಮೂಲದ ‘ಹಮಾರ್ಟಿಯ’ ಗುರಿ ತಪ್ಪುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಬಾಣ ಗುರಿ ತಪ್ಪಿದಾಗಲೂ ಆ ಕ್ರಿಯಾಪದವೇ ಬಳಕೆಯಾಗುತ್ತಿತ್ತು. ಅದು ಎಸಗಿದ ತಪ್ಪನ್ನು ಸೂಚಿಸುತ್ತದೆಯೇ ಹೊರತು ಸ್ವಭಾವದಲ್ಲಿ ಬೇರುಬಿಟ್ಟ ಕಳಂಕವನ್ನಲ್ಲ. ಈಡಿಪಸನ ಕೋಪವನ್ನೋ ಅಹಂಕಾರವನ್ನೋ ಹುಡುಕಿ ತೆಗೆದು ಅದರಿಂದಲೇ ಅವನು ಕೆಟ್ಟನೆಂದು ವಿವರಿಸುವ ಟಿಪ್ಪಣಿಗಳು, ಹುಟ್ಟುವ ಮುನ್ನವೇ ಅವನ ಮೇಲೆ ಬಿದ್ದಿದ್ದ ದೈವವಾಣಿಯನ್ನು ಮರೆತುಬಿಡುತ್ತವೆ. ಅವನಿಗೆ ತಿಳಿಯದೇ ಇದ್ದದ್ದು ತನ್ನ ತಂದೆ ತಾಯಿಗಳು ಯಾರೆಂಬುದು. ಅದನ್ನು ‘ದೋಷ’ವೆನ್ನುವುದು ಅನ್ಯಾಯ.

ಹಾಗಾದರೆ ಈ ಅರ್ಥ ಎಲ್ಲಿಂದ ಬಂದಿತು? ಟ್ರ್ಯಾಜಿಡಿಯೆಂದರೆ ದೊಡ್ಡವರ ಪತನದ ಕಥೆ ಎಂಬ ಸರಳ ವ್ಯಾಖ್ಯೆ ಲ್ಯಾಟಿನ್ ವೈಯಾಕರಣರ ಮೂಲಕ ಮಧ್ಯಯುಗದ ಯುರೋಪಿಗೆ ಹರಿಯಿತು. ಆಗ ಅಲ್ಲಿ ಗ್ರೀಕ್ ನಾಟಕಗಳ ಓದಾಗಲಿ ಪ್ರಯೋಗವಾಗಲಿ ಇರಲಿಲ್ಲ. ಅನಂತರ ಷೇಕ್ಸ್‌ಪಿಯರನ ನಾಟಕಗಳು, ಅವುಗಳ ಮೇಲೆ ಎ.ಸಿ. ಬ್ರಾಡ್ಲಿ 1904ರಲ್ಲಿ ಪ್ರಕಟಿಸಿದ ಉಪನ್ಯಾಸಗಳು ನಮ್ಮ ಕಾಲೇಜುಗಳಿಗೆ ಬಂದವು. ಇಂಗ್ಲಿಷ್ ತರಗತಿಯಲ್ಲಿ ರೂಪುಗೊಂಡ ಈ ಕಲ್ಪನೆ ಗ್ರೀಕ್ ಹೆಸರನ್ನು ಹೊತ್ತು ಕನ್ನಡಕ್ಕಿಳಿಯಿತು.

ಅಥೆನ್ಸಿನಲ್ಲಿ ಟ್ರ್ಯಾಜಿಡಿ ಏನಾಗಿತ್ತೆಂಬುದನ್ನು ಅದು ನಡೆಯುತ್ತಿದ್ದ ಸಂದರ್ಭದಲ್ಲಿಟ್ಟು ನೋಡಬೇಕು. ವಸಂತಕಾಲದ ಡಯನೀಷಿಯ ಉತ್ಸವದಲ್ಲಿ ಮೂವರು ಕವಿಗಳು, ಒಬ್ಬೊಬ್ಬರೂ ಮೂರು ಟ್ರ್ಯಾಜಿಡಿ ಮತ್ತು ಒಂದು ಸೇಟರ್ ನಾಟಕದೊಂದಿಗೆ, ಸ್ಪರ್ಧೆಗಿಳಿಯುತ್ತಿದ್ದರು. ಮೇಳದ ವೆಚ್ಚವನ್ನು ಶ್ರೀಮಂತ ನಾಗರಿಕನೊಬ್ಬ ಹೊರಬೇಕಾಗಿತ್ತು. ನಾಟಕಕ್ಕೆ ಮೊದಲು, ಯುದ್ಧದಲ್ಲಿ ಮಡಿದವರ ಮಕ್ಕಳು ಪ್ರಾಯಕ್ಕೆ ಬಂದಾಗ ನಗರವೇ ಕೊಟ್ಟ ಕವಚ ತೊಟ್ಟು ಜನರೆದುರು ನಡೆದುಹೋಗುತ್ತಿದ್ದರು. ಅಂಥ ಜನ ಎಂತಹ ಶೋಕವನ್ನು ರಂಗದ ಮೇಲೆ ಸಹಿಸುತ್ತಿದ್ದರು, ಎಂತಹದನ್ನು ಸಹಿಸುತ್ತಿರಲಿಲ್ಲ ಎಂಬುದಕ್ಕೆ ಹೆರೊಡೋಟಸ್ ಒಂದು ಘಟನೆಯನ್ನು ದಾಖಲಿಸಿದ್ದಾನೆ. ಕ್ರಿ.ಪೂ. 494ರಲ್ಲಿ ಪಾರಸಿಕರು ಮೈಲಿಟಸ್ ನಗರವನ್ನು ಹಾಳುಗೆಡವಿದ್ದನ್ನು ಫ್ರಿನಿಕಸ್ ಎಂಬ ಕವಿ ನಾಟಕವಾಗಿಸಿದಾಗ ಪ್ರೇಕ್ಷಕರೆಲ್ಲ ಗೋಳಾಡಿದರು. ನಗರ ಆ ಕವಿಗೆ 1000 ದ್ರಾಕ್ಮಾ ದಂಡ ವಿಧಿಸಿ ನಾಟಕವನ್ನು ನಿಷೇಧಿಸಿತು. ಅದರ ಅಂತ್ಯ ದುಃಖಮಯವಾಗಿತ್ತೆಂದಲ್ಲ, ತಮ್ಮವರದೇ ಕೇಡನ್ನು ನೆನಪಿಸಿತೆಂಬುದು ಆರೋಪ. ಕ್ರಿ.ಪೂ. 472ರಲ್ಲಿ ಈಸ್ಕಿಲಸ್ ‘ಪಾರಸಿಕರು’ ನಾಟಕವನ್ನು ಆಡಿಸಿದಾಗ ರಂಗದ ಮೇಲೆ ಅತ್ತದ್ದು ಶತ್ರುವಿನ ಅರಮನೆ. ಸಾಲಮಿಸ್ ಯುದ್ಧ ಗೆದ್ದು ಎಂಟು ವರ್ಷವಷ್ಟೇ ಆಗಿತ್ತು. ಕವಿ ಸ್ವತಃ ಮ್ಯಾರಥಾನಿನಲ್ಲಿ ಪಾರಸಿಕರ ವಿರುದ್ಧ ಹೋರಾಡಿದವನು. ಆದರೂ ಗೆದ್ದವರು ಕುಳಿತು ಸೋತವರ ತಾಯಿಯ ಅಳಲನ್ನು ಕೇಳಿದರು, ಆ ವರ್ಷದ ಮೊದಲ ಬಹುಮಾನವನ್ನೂ ಅದಕ್ಕೆ ಕೊಟ್ಟರು. ಬಿ.ಎಂ. ಶ್ರೀಕಂಠಯ್ಯನವರು 1935ರಲ್ಲಿ ಕನ್ನಡಕ್ಕೆ ತಂದದ್ದು ಈ ನಾಟಕವನ್ನು.

ಶ್ರೀಯವರ ನಾಟಕಗಳ ಸಂದರ್ಭದಲ್ಲಿ ಕನ್ನಡ ವಿಮರ್ಶೆ ‘ರುದ್ರ’ ಎಂಬ ಪದವನ್ನು ಬಳಸುತ್ತ ಬಂದಿದೆ. ಅದರಲ್ಲಿ ಅಂತ್ಯದ ಸೂಚನೆಯಿಲ್ಲ. ವೈದಿಕ ನಿರುಕ್ತಿಯಲ್ಲಿ ಅಳುವುದೆಂಬ ಅರ್ಥದ ‘ರುದ್’ ಧಾತುವಿಗೆ ರುದ್ರನನ್ನು ಸಂಬಂಧಿಸಿರುವುದನ್ನೂ, ಆ ದೇವತೆಯ ಭಯಂಕರ ಮುಖವನ್ನೂ ಒಟ್ಟಿಗೆ ನೆನೆದರೆ ಅರಿಸ್ಟಾಟಲನ ಕರುಣೆ, ಭಯಗಳೆರಡೂ ಒಂದೇ ಪದದಲ್ಲಿ ನೆಲೆಸಿರುವುದು ಕಾಣುತ್ತದೆ. ಹೆಸರಿಟ್ಟವರು ಇಷ್ಟನ್ನೆಲ್ಲ ಲೆಕ್ಕ ಹಾಕಿದ್ದರೆಂದು ಹೇಳಬೇಕಾಗಿಲ್ಲ. ಪದ ತಾನಾಗಿಯೇ ಅಷ್ಟನ್ನು ಹೊರುತ್ತದೆ.

ಇದರ ಪ್ರಯೋಜನ ಶ್ರೀಯವರ ‘ಅಶ್ವತ್ಥಾಮನ್’ (1929) ನಾಟಕದ ಓದಿನಲ್ಲಿಯೇ ತಿಳಿಯುತ್ತದೆ. ಅದಕ್ಕೆ ಮಾದರಿಯಾದ ಸಾಫೊಕ್ಲೀಸನ ‘ಏಜಾಕ್ಸ್’ ಸುಮಾರು 1420 ಸಾಲುಗಳ ನಾಟಕ. ಅಥೀನಾ ದೇವಿ ಕವಿಸಿದ ಮರುಳಿನಲ್ಲಿ ದನಕುರಿಗಳನ್ನು ಶತ್ರುಗಳೆಂದು ಕೊಂದು, ಎಚ್ಚರವಾದ ಮೇಲೆ ನಾಚಿ ಕತ್ತಿಯ ಮೇಲೆ ಬೀಳುವ ವೀರ 865ನೆಯ ಸಾಲಿನ ಹೊತ್ತಿಗೇ ಸಾಯುತ್ತಾನೆ. ಉಳಿದ ಐನೂರಕ್ಕೂ ಹೆಚ್ಚು ಸಾಲುಗಳು ಹೆಣವನ್ನು ಹೂಳಬೇಕೇ ಬೇಡವೇ ಎಂಬ ಜಗಳಕ್ಕೆ ಮೀಸಲು. ಸಾವೇ ಟ್ರ್ಯಾಜಿಡಿಯ ಗುರಿಯೆಂದು ಓದುವವರಿಗೆ ಈ ಭಾಗ ಬಾಲದಂತೆ ಕಂಡಿದೆ, ನಾಟಕ ನಡುವೆ ಮುರಿದಿದೆಯೆಂಬ ಆಕ್ಷೇಪವೂ ಹುಟ್ಟಿದೆ. ಅಥೆನ್ಸಿನ ಪ್ರೇಕ್ಷಕರಿಗೆ ಹಾಗೆ ತೋರಿರಲಾರದು. ನಗರದ ಹತ್ತು ಕುಲಗಳಲ್ಲಿ ಒಂದಕ್ಕೆ ಏಜಾಕ್ಸನ ಹೆಸರಿತ್ತು; ಅವನು ಪೂಜೆಗೊಳ್ಳುವ ವೀರ. ಹೂಳದೆ ನಾಯಿ ಹದ್ದುಗಳಿಗೆ ಬಿಡಬೇಕೆಂದು ದೊರೆಗಳು ಹಟ ಹಿಡಿದ ದೇಹ ಗೌರವದ ಸಮಾಧಿ ಪಡೆಯುವುದೇ ಅವರಿಗೆ ನಾಟಕದ ಮುಖ್ಯ ಸಂಗತಿ. ಅದನ್ನು ದೊರಕಿಸಿಕೊಡುವವನು ಏಜಾಕ್ಸನು ಎಲ್ಲರಿಗಿಂತ ಹೆಚ್ಚು ದ್ವೇಷಿಸಿದ ಒಡಿಸ್ಯೂಸ್.

ಕನ್ನಡದ ನಾಟಕದಲ್ಲಿ ಚಿರಂಜೀವಿ ಅಶ್ವತ್ಥಾಮ ಸಾಯುತ್ತಾನೆ. ಪುರಾಣಕ್ಕೆ ಅಪಚಾರವಾಯಿತೆಂಬ ಆಕ್ಷೇಪಕ್ಕೂ, ದುರಂತ ನಾಟಕಕ್ಕೆ ಸಾವು ಅನಿವಾರ್ಯವೆಂಬ ಸಮರ್ಥನೆಗೂ ಇದು ಎಡೆಗೊಡುತ್ತದೆ. ಆದರೆ ಏಜಾಕ್ಸನ ಕಥೆಯಿಂದ ಅಶ್ವತ್ಥಾಮನಿಗೆ ದಕ್ಕಿದ್ದು ಸಾವಷ್ಟೇ ಅಲ್ಲ. ಸೌಪ್ತಿಕಪರ್ವದಲ್ಲಿ ಕೃಷ್ಣನು ಅವನಿಗೆ ಕೊಡುವ ಶಾಪ ಸಾವಿನದಲ್ಲ: ಕೀವು ನೆತ್ತರು ನಾರುವ ಮೈಯಲ್ಲಿ, ಜೊತೆಯಿಲ್ಲದೆ, ಮಾತಾಡುವವರಿಲ್ಲದೆ ಮೂರು ಸಾವಿರ ವರ್ಷ ಅಲೆಯಬೇಕು. ಅವನಿಗೆ ದುಷ್ಟವಾದ ಅಂತವಿಲ್ಲ, ಅಂತವೆಂಬುದನ್ನೇ ನಿರಾಕರಿಸಲಾಗಿದೆ. ವ್ಯಾಸರ ಈ ಪ್ರಸಂಗವನ್ನು ‘ದುರಂತ’ದ ಅಳತೆಗೋಲು ಮುಟ್ಟಲಾರದು, ಕರುಣೆ, ಭಯಗಳ ದೃಷ್ಟಿಯಿಂದ ಅದಕ್ಕಿಂತ ಘೋರವಾದುದನ್ನು ಗ್ರೀಕ್ ರಂಗದಲ್ಲಿಯೂ ಹುಡುಕಿಯೇ ತೆಗೆಯಬೇಕು. ಶ್ರೀಯವರು ಅಲೆಯುವವನಿಗೆ ಮರಣವನ್ನಿತ್ತದ್ದು ಹೀಗೆ ನೋಡಿದಾಗ ಶಿಕ್ಷೆಯಂತೆ ತೋರುವುದಿಲ್ಲ, ಸಾಫೊಕ್ಲೀಸನ ನಾಟಕದ ಉತ್ತರಾರ್ಧದಲ್ಲಿ ಒಡಿಸ್ಯೂಸನು ಏಜಾಕ್ಸನ ದೇಹಕ್ಕೆ ಮಾಡುವ ಉಪಕಾರದ ಹತ್ತಿರಕ್ಕೆ ಬರುತ್ತದೆ.