ತಿರುಗದ ಸ್ಕ್ರೂ

ರಿವ್ಯೂಗೆ ಎರಡೇ ದಿನ ಇರುವಾಗ ನಮ್ಮ ಮಿನಿ ಪ್ರಾಜೆಕ್ಟ್ ಬೋರ್ಡಿನಿಂದ ಹೊಗೆ ಬಂತು. ಬಿಇ ಸಾಕಪ್ಪಾ ಅನ್ನಿಸಿತು. ಆ ರಾತ್ರಿ ಹಬಲ್ ದೂರದರ್ಶಕದ ‘ಸ್ಟಿಸ್’ ಬಗ್ಗೆ ಓದಿದೆ.

ನಕ್ಷತ್ರಗಳ ಅತಿನೇರಳೆ ಬೆಳಕಿನ ಬಹುಭಾಗವನ್ನು ವಾತಾವರಣ ತಡೆಯುತ್ತದೆ. ಅದನ್ನು ಬಾಹ್ಯಾಕಾಶದಲ್ಲೇ ಹಿಡಿದು ಬಿಡಿಸಿ ನೋಡುವ ಸ್ಪೆಕ್ಟ್ರೋಗ್ರಾಫ್ ಅದು. 1997ರಲ್ಲಿ ಅಳವಡಿಸಿದ್ದು, 2004ರಲ್ಲಿ ಪವರ್ ಸಪ್ಲೈ ಕೆಟ್ಟು ನಿಂತಿತು.

2009ರ ಮೇನಲ್ಲಿ ದುರಸ್ತಿಗೆ ಹೋದ ಮೈಕ್ ಮ್ಯಾಸಿಮಿನೊಗೆ ಹಿಡಿಕೆಯ ಒಂದು ಸ್ಕ್ರೂ ತಿರುಗಲೇ ಇಲ್ಲ. ಕೊನೆಗೆ ಹಿಡಿಕೆಯನ್ನೇ ಕೈಯಿಂದ ಕಿತ್ತರು! ಬಳಿಕ ನೂರಕ್ಕೂ ಹೆಚ್ಚು ಪುಟ್ಟ ಸ್ಕ್ರೂ ಬಿಚ್ಚಿ ಬೋರ್ಡ್ ಬದಲಿಸಿದರು. ಸ್ಟಿಸ್‌ಗೆ ಮತ್ತೆ ಜೀವ ಬಂತು.

ಬೆಳಿಗ್ಗೆ ಮಲ್ಟಿಮೀಟರ್ ಹಿಡಿದು ಲ್ಯಾಬಿಗೆ ಹೋದೆ. ಸುಟ್ಟಿದ್ದು ಇಡೀ ಬೋರ್ಡಲ್ಲ, ವೋಲ್ಟೇಜ್ ರೆಗ್ಯುಲೇಟರ್ ಮಾತ್ರ. ಅದನ್ನು ಬದಲಿಸಿದೆವು, ಎಲ್‌ಇಡಿ ಬೆಳಗಿತು.