ವಸಡಿನಲ್ಲಿ ರಕ್ತ ಬಂದರೆ ಹಲ್ಲುಜ್ಜುವುದನ್ನು ಬಿಡಬೇಡಿ

ಬೆಳಿಗ್ಗೆ ಹಲ್ಲುಜ್ಜುವಾಗ ಉಗುಳಿನಲ್ಲಿ ರಕ್ತ ಕಂಡರೆ ನಾವು ಏನು ಮಾಡುತ್ತೇವೆ? ಆ ಜಾಗಕ್ಕೆ ಬ್ರಶ್ ತಾಗಿಸುವುದನ್ನೇ ಬಿಡುತ್ತೇವೆ. ಬೆರಳಿನಲ್ಲಿ ಉಜ್ಜಿದರೆ ಸಾಕು ಎಂದು ಮನೆಯ ಹಿರಿಯರೂ ಹೇಳುತ್ತಾರೆ. ಆದರೆ ರಕ್ತ ಬರುವ ಜಾಗವೇ ಹೆಚ್ಚು ಶುಚಿಯಾಗಬೇಕಾದ ಜಾಗ.

ಇದಕ್ಕೆ ಸಾಮಾನ್ಯ ಕಾರಣ ಹಲ್ಲಿನ ಪಾಚಿ. ದಂತ ವೈದ್ಯರು ಇದನ್ನು ಪ್ಲಾಕ್ ಎನ್ನುತ್ತಾರೆ. ಎಷ್ಟೇ ಚೆನ್ನಾಗಿ ಉಜ್ಜಿದರೂ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಹಲ್ಲಿನ ಮೇಲೆ ಮತ್ತೆ ಅಂಟಾದ ತೆಳು ಪದರ ಕಟ್ಟತೊಡಗುತ್ತವೆ. ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಾಲಗೆಯಿಂದ ಸವರಿದರೆ ತಿಳಿಯುತ್ತದೆ. ನಾವು ತಿಂದ ಸಿಹಿಯನ್ನು ಈ ಬ್ಯಾಕ್ಟೀರಿಯಾಗಳು ಆಮ್ಲವಾಗಿಸುವುದರಿಂದ ಹುಳುಕು ಉಂಟಾಗುತ್ತದೆ. ವಸಡಿನಂಚಿನಲ್ಲಿ ಕೂತ ಪಾಚಿಯಿಂದ ವಸಡು ಕೆಂಪಾಗಿ ಊದಿಕೊಂಡು ರಕ್ತ ಒಸರುತ್ತದೆ.

ಇದನ್ನು ಪ್ರಯೋಗದಿಂದ ತೋರಿಸಿದ್ದು 1965ರಲ್ಲಿ, ಡೆನ್ಮಾರ್ಕಿನ ಆರ್‌ಹುಸ್ ನಗರದ ದಂತ ಕಾಲೇಜಿನಲ್ಲಿ. (ನಮ್ಮ ಮಣಿಪಾಲದ ದಂತ ಕಾಲೇಜು ಆರಂಭವಾದದ್ದೂ ಅದೇ ವರ್ಷ.) ಹಾರಾಲ್ಡ್ ಲೋ ಮತ್ತು ಸಂಗಡಿಗರು ವಸಡು ಚೆನ್ನಾಗಿದ್ದ 12 ಮಂದಿಯಿಂದ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಆರಂಭಿಸಿದಾಗ ಸುಮಾರು ಒಂದು ವಾರದಲ್ಲೇ ಗುಣವಾಯಿತು. ಮಾತ್ರೆ, ಇಂಜೆಕ್ಷನ್ ಯಾವುದೂ ಬೇಕಾಗಲಿಲ್ಲ.

ಹಾಗಾದರೆ ಉಜ್ಜುವುದು ಹೇಗೆ? ಮೆದು ಎಳೆಗಳ ಬ್ರಶ್ಶನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ಹಗುರವಾಗಿ, ಎರಡು ನಿಮಿಷ, ದಿನಕ್ಕೆ ಎರಡು ಸಲ. ರಾತ್ರಿಯದ್ದನ್ನು ತಪ್ಪಿಸಲೇಬಾರದು, ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಬ್ಯಾಕ್ಟೀರಿಯಾಗಳಿಗೆ ಅನುಕೂಲವಾಗುತ್ತದೆ. ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು. ಭತ್ತದ ಉಮಿಯ ಕರಿ, ಇದ್ದಿಲ ಪುಡಿ ಇವುಗಳಲ್ಲಿ ಜೋರಾಗಿ ತಿಕ್ಕುವುದು ನಮ್ಮ ಅಜ್ಜಿಯಂದಿರ ಕಾಲದ ರೂಢಿ. ಅದರಿಂದ ಹಲ್ಲು ಬೆಳ್ಳಗೆ ಕಂಡರೂ ಕಾಲಕ್ರಮೇಣ ಸವೆಯುತ್ತದೆ. ಹಲ್ಲಿನ ಸಂದಿಗೆ ಬ್ರಶ್ ಇಳಿಯುವುದಿಲ್ಲ. ಅಲ್ಲಿಗೆ ದಾರವೋ ಸಣ್ಣ ಸಂದಿ ಬ್ರಶ್ಶೋ ಬೇಕು. ಗುಂಡುಸೂಜಿ, ಬೆಂಕಿಕಡ್ಡಿ ಖಂಡಿತಾ ಬೇಡ. ಬಾಯಿ ಮುಕ್ಕಳಿಸುವ ಔಷಧಿಯೊಂದನ್ನೇ ನಂಬಿ ಕೂರುವುದೂ ತಪ್ಪು. 17ನೇ ಶತಮಾನದಲ್ಲೇ ಹಾಲೆಂಡಿನ ಲೇವನ್‌ಹುಕ್ ಕಡು ವಿನೆಗರಿನಲ್ಲಿ ಬಾಯಿ ಮುಕ್ಕಳಿಸಿ, ಆಮೇಲೂ ತನ್ನ ಹಲ್ಲಿನ ಪಾಚಿಯೊಳಗೆ ಜೀವಿಗಳು ಓಡಾಡುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದ.

ಉಜ್ಜದೆ ಬಿಟ್ಟ ಪಾಚಿಯು ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಕೆಲವೇ ದಿನಗಳಲ್ಲಿ ಕಲ್ಲಾಗತೊಡಗುತ್ತದೆ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ ಇದು ಹೆಚ್ಚು, ಜೊಲ್ಲಿನ ಗ್ರಂಥಿ ತೆರೆದುಕೊಳ್ಳುವುದು ಅಲ್ಲೇ. ಒಮ್ಮೆ ಕಲ್ಲಾದರೆ ಬ್ರಶ್ಶಿನಿಂದ ಹೋಗದು, ದಂತ ವೈದ್ಯರೇ ತೆಗೆಯಬೇಕು. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ" ಎಂಬ ಹೆದರಿಕೆ ನಮ್ಮಲ್ಲಿ ಬಹಳ. ನಿಜವೆಂದರೆ ಒಳಗಿನ ಎಲುಬು ಮೊದಲೇ ಕರಗಿರುತ್ತದೆ, ಅಲುಗಾಟ ಕಾಣದಂತೆ ಕಲ್ಲು ಮುಚ್ಚಿರುತ್ತದೆ. ಎಲುಬು ಕರಗಿದ ಮೇಲೆ ಮೊದಲಿನಂತೆ ಆಗುವುದು ಕಷ್ಟ. ಆದ್ದರಿಂದ ಎರಡು ವಾರ ಸರಿಯಾಗಿ ಉಜ್ಜಿಯೂ ರಕ್ತ ನಿಲ್ಲದಿದ್ದರೆ ತಡಮಾಡದೆ ತೋರಿಸತಕ್ಕದ್ದು. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅಷ್ಟೂ ದಿನ ಕಾಯಬಾರದು. ಖರ್ಚಿನ ಚಿಂತೆ ಇದ್ದರೆ ದಂತ ಕಾಲೇಜುಗಳ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ವಾರ್ಡಿನಲ್ಲಿ ಕಾಯಿಲೆಯವರ ಮನೆಗೆ ಹೋಗುವ ನಮ್ಮ ಕಾರ್ಯಕರ್ತರಲ್ಲಿ ಒಂದು ವಿನಂತಿ. ಹಾಸಿಗೆ ಹಿಡಿದವರಿಗೆ ಸ್ನಾನ, ಊಟ ಆಯಿತೇ ಎಂದು ಕೇಳುತ್ತೇವೆ. ಬಾಯಿ ಶುಚಿಯಾಯಿತೇ ಎಂದು ಕೇಳುವವರು ಕಡಿಮೆ. ಬಾಯಿಯ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ರೋಗಿಯನ್ನು ತಲೆ ಎತ್ತಿ ಕೂರಿಸಿ ಅಥವಾ ಪಕ್ಕಕ್ಕೆ ತಿರುಗಿಸಿ, ಸ್ವಲ್ಪವೇ ಪೇಸ್ಟ್ ಹಾಕಿ ಮೆದು ಬ್ರಶ್ಶಿನಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಲು ಮನೆಯವರಿಗೆ ತೋರಿಸಿಕೊಡಿ. ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು, ತೊಳೆದು, ನೀರಿನಲ್ಲಿ ಇಡಲಿ.